ಅಜ್ಜಿಯ ಊರಿನ ಹೆಸರು

ತಮ್ಮ ಆರ್ಸೆನಿಗೆ, ಅಕ್ಕನ ಪ್ರೀತಿ.

ಲಕೋಟೆಯ ಮೇಲೆ ‘ಲೆನಿನ್‌ಗ್ರಾಡ್’ ಹೊಡೆದುಹಾಕಿ ‘ಪೀಟರ್ಸ್‌ಬರ್ಗ್’ ಎಂದು ಬರೆದಿದ್ದೀಯ. ಊರಿಗೆ ಹಳೇ ಹೆಸರು ಮರಳಿ ಬಂದದ್ದನ್ನು ಅಜ್ಜಿ ನೋಡಬೇಕಿತ್ತು. ಶಾಲೆಯ ಪಕ್ಷದ ಬಾಲದಳದ ಕೆಂಪು ಸ್ಕಾರ್ಫ್ ಕಟ್ಟಿಕೊಂಡು ನೀನು, “ಹಳೇ ಹೆಸರು ಹೇಳ್ಬೇಡಜ್ಜಿ, ಯಾರಾದ್ರೂ ಕೇಳಿಸ್ಕೊಂಡಾರು” ಎಂದು ಗದರುತ್ತಿದ್ದೆ. “ಹೋಗೋ ಪುಟಾಣಿ ಸಾಹೇಬ, ನಾ ಹುಟ್ಟಿದ್ದು ಪೀಟರ್ಸ್‌ಬರ್ಗಲ್ಲಿ, ಸಾಯೋದೂ ಅಲ್ಲೇ” ಅನ್ನುತ್ತಿದ್ದಳು. ಜರ್ಮನರ ಮುತ್ತಿಗೆಯ ಚಳಿಗಾಲದಲ್ಲಿ ಹಸಿದು ಸತ್ತದ್ದು ಮಾತ್ರ ಲೆನಿನ್‌ಗ್ರಾಡಿನಲ್ಲಿ.

ಅವಳ ಗೋರಿಗೆ ಆ ಹಳೇ ಹೆಸರು ಕೆತ್ತಿದ ಕಲ್ಲು ಹಾಕಿಸು ಎಂದಿದ್ದೀಯ. ಹೆಪ್ಪುಗಟ್ಟಿದ ಸರೋವರ ದಾಟಿಸಿ ನಿನ್ನನ್ನು ಮೊದಲೇ ಕಳಿಸಿದ್ದೆವು, ನಿನಗೆ ಗೊತ್ತಿಲ್ಲ. ಸತ್ತವರನ್ನೆಲ್ಲ ಒಟ್ಟಿಗೆ ಹೂತರು. ಆ ದಿಬ್ಬಗಳ ಮೇಲೆ ಇಸವಿ ಇದೆ, ಯಾರ ಹೆಸರೂ ಇಲ್ಲ.

ಬರುವಾಗ ಕಪ್ಪು ರೊಟ್ಟಿ ತಾ, ಇಲ್ಲಿ ಮತ್ತೆ ಕ್ಯೂ. ಒಂದು ಸಾಕಾಗುವುದಿಲ್ಲ. ಅಜ್ಜಿ ಯಾವ ದಿಬ್ಬದಲ್ಲಿದ್ದಾಳೋ ತಿಳಿಯದು. ಎಲ್ಲಕ್ಕೂ ಒಂದೊಂದು ತುಂಡು ಇಡಬೇಕು.

ನಿನ್ನ ದಾರಿ ನೋಡುತ್ತಿರುವ,
ತೈಸಿಯಾ