ಬಾಗಿಲ ಜವಾನನಿಗೊಂದು ಮುಖಪತ್ರ

ಜೂನ್ ೯, ಸೋಮವಾರ. ಬೆಳಿಗ್ಗೆ ೭.

ಎರಡೂ ಪೆನ್ನುಗಳಿಗೆ ಶಾಯಿ ತುಂಬಿಸಿದೆ. ಹಾಳೆಗಳ ಅಂಚು ಸರಿಪಡಿಸಿ ಚೀಲಕ್ಕಿಟ್ಟೆ. ಐವತ್ತೊಂದು ವರ್ಷಗಳ ಅಭ್ಯಾಸ, ಕೈ ತಾನಾಗಿ ಮಾಡುತ್ತದೆ. ಇಂದು ಮಾತ್ರ, ಯಾತಕ್ಕಾಗಿ ತುಂಬಿಸಿದೆನೋ ಎಂಬ ಸಂಶಯ ಬಂತು.

ಶುಕ್ರವಾರ ಕಚೇರಿಯ ಹಲಗೆಗೆ ಅಂಟಿಸಿದ ಸೂಚನೆಯ ಸಾರಾಂಶ: ಜುಲೈ ಒಂದರಿಂದ ಕೈಬರಹದ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ. ನನ್ನಂತೆ ವರಾಂಡದಲ್ಲಿ ಕುಳಿತು ಅರ್ಜಿ ಬರೆದುಕೊಡುವವರು ಮೂವತ್ತನೆಯ ತಾರೀಖಿನೊಳಗೆ ತಮ್ಮ ಸ್ವಂತ ಕಂಪ್ಯೂಟರನ್ನು ಹೆಡ್ ಗುಮಾಸ್ತರಿಗೆ ಚಾಲನೆಯಲ್ಲಿ ತೋರಿಸತಕ್ಕದ್ದು. ತಪ್ಪಿದಲ್ಲಿ ಮೇಜು ಬೇರೆಯವರಿಗೆ.

ಬೇರೆಯವರು ಯಾರೆಂಬುದು ಗುಟ್ಟೇನಲ್ಲ. ಎದುರಿನ ಜೆರಾಕ್ಸ್ ಅಂಗಡಿಯವನು ಅಂದೇ ಸಂಜೆ ಬಂದು ನನ್ನ ಮೇಜಿನ ಅಗಲವನ್ನು ಗೇಣು ಹಾಕಿ ಅಳೆದ.

"ಯಜಮಾನ್ರೇ, ಬೇಜಾರು ಮಾಡ್ಕೋಬೇಡಿ. ಪ್ರಿಂಟರ್ ಹಿಡಿಸುತ್ತಾ ಅಂತ ನೋಡ್ದೆ ಅಷ್ಟೇ."

"ಅಳತೆ ತಗೊಳ್ಳೋಕೆ ಹೆಣ ಇನ್ನೂ ಉಸಿರಾಡ್ತಾ ಇದೆಯಪ್ಪ" ಎಂದೆ.

ನಕ್ಕ. ನಾನೂ ನಗಬೇಕಾಯಿತು.

ಸಾವಿರಾರು ಜನರ ಪರವಾಗಿ 'ದಯಮಾಡಿ' ಎಂದು ಬರೆದ ಕೈ ಇದು. ಸ್ವಂತಕ್ಕೆಂದು ಒಮ್ಮೆಯೂ ಬರೆದದ್ದಿಲ್ಲ. ಆ ಮೇಜು ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು?

ಜೂನ್ ೧೦, ಮಂಗಳವಾರ.

ತಂಗಿಯ ಮನೆಗೆ ಹೋಗಿದ್ದೆ. ಏನನ್ನೂ ಕೇಳಲಿಕ್ಕಲ್ಲ. ಅವಳಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ, ನೋಡಿಕೊಂಡು ಬರಲು... ಯಾರೂ ಓದದ ಪುಸ್ತಕದಲ್ಲಿಯೂ ಸುಳ್ಳು ಬರೆಯುತ್ತಿದ್ದೇನೆ. ಕೇಳಲಿಕ್ಕೇ ಹೋಗಿದ್ದೆ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ತಂತಿಗಳ ಸಿಕ್ಕು ಬಿಡಿಸಿದವಳು. ವಯಸ್ಸು ಅರವತ್ತಾರು. ನನಗೆ ಇಂದಿಗೂ ಪುಟ್ಟಿ. ಕಪ್ಪು ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಮಹಾರಾಣಿಯಂತೆ ಕುಳಿತಿದ್ದಳು.

"ಅಣ್ಣ, ನೀನು ಸುಮ್ಮನೆ ಬರೋನಲ್ಲ. ಏನು ಬೇಕು?"

"ಏನೂ ಬೇಡ."

"ಮತ್ತೆ ಚಪ್ಪಲಿ ಬಿಡೋಕೂ ಮುಂಚೆ ನನ್ನ ಕಪಾಟಿನ ಕಡೆ ಯಾಕೆ ನೋಡ್ದೆ? ಇನ್ನೊಂದು ಕಣ್ಣು ಚೆನ್ನಾಗೇ ಇದೆ ನಂಗೆ."

ಕಪಾಟಿನಲ್ಲಿ ಅವಳ ಹಳೆಯ ಪುಟ್ಟ ಲ್ಯಾಪ್‌ಟಾಪ್ ಇದೆ. ಹತ್ತು ವರ್ಷ ದಾಟಿದೆ. ಆನ್ ಮಾಡಿದರೆ ಅರ್ಧ ಗಂಟೆ ಸುತ್ತಿ ಸುತ್ತಿ ನಿಂತುಬಿಡುತ್ತದೆ.

"ಮಷೀನ್ ಕೆಟ್ಟಿಲ್ಲಣ್ಣ. ತಲೆ ಮೇಲೆ ಹೊರೆ ಜಾಸ್ತಿ ಆಗಿದೆ. ಒಳಗಿನ ಹಳೇ ಸಾಫ್ಟ್‌ವೇರ್ ತೆಗೆದು ಲಿನಕ್ಸ್ ಅನ್ನೋ ಬೇರೆಯದನ್ನ ಹಾಕಿದ್ರೆ ಹಗುರವಾಗಿ ಓಡುತ್ತೆ. ಆದ್ರೆ ಡಾಕ್ಟರು ಎರಡು ವಾರ ಸ್ಕ್ರೀನ್ ನೋಡಬೇಡ ಅಂದಿದ್ದಾರೆ. ಬಾಯಿ ನಂದು, ಕೈ ನಿಂದು. ಒಪ್ಪಿಗೆನಾ?"

ಒಪ್ಪಿದೆ.

ಜೂನ್ ೧೩, ಶುಕ್ರವಾರ. ಸಂಜೆ.

ಅವಳ ದೊಡ್ಡ ಕಂಪ್ಯೂಟರಿನಿಂದ ಲಿನಕ್ಸನ್ನು ಪೆನ್ ಡ್ರೈವಿಗೆ ಇಳಿಸಿದ್ದಾಯಿತು. ಪೆನ್ ಡ್ರೈವನ್ನು ಪುಟ್ಟ ಯಂತ್ರಕ್ಕೆ ಚುಚ್ಚಿದೆ. ಪರದೆ ಕಪ್ಪಾಯಿತು. ಮರಳಿ ಹಳೆಯದೇ ಬಂತು. ಮೂರು ಬಾರಿ.

"ಏನಂತೆ ಅಣ್ಣ?" ಕುರ್ಚಿಯಿಂದ.

"ಏನೂ ಅನ್ನಲಿಲ್ಲ. ಅರ್ಜಿ ಬಿಡಿಸಿ ನೋಡದೇನೇ ವಾಪಸ್ ಕಳಿಸಿದೆ."

ಅವಳು ತೊಡೆ ತಟ್ಟಿಕೊಂಡಳು.

"ಗೊತ್ತಾಯ್ತು! ಇದರ ಪ್ರೊಸೆಸರ್ ಅರವತ್ನಾಲ್ಕು ಬಿಟ್‌ದು. ಆದ್ರೆ ಆನ್ ಆದ ಕೂಡ್ಲೇ ಮೊದಲು ಏಳುತ್ತಲ್ಲ ಫರ್ಮ್‌ವೇರ್, ಅದು ಮೂವತ್ತೆರಡು ಬಿಟ್‌ದು. ಆ ಕಾಲದ ಅಗ್ಗದ ಮಷೀನ್‌ಗಳಿಗೆ ಹೀಗೆ ಹೊಂದದ ಜೋಡಿ ಗಂಟು ಹಾಕಿಬಿಟ್ಟಿದ್ರು."

"ಅಂದ್ರೆ ಒಳಗಿನ ಸಾಹೇಬರಿಗೆ ದೊಡ್ಡ ಅರ್ಜಿ ಓದೋಕೆ ಬರುತ್ತೆ. ಬಾಗಿಲಲ್ಲಿರೋ ಜವಾನನಿಗೆ ಚಿಕ್ಕ ಚೀಟಿ ಮಾತ್ರ."

"ಅಬ್ಬ! ಮೂವತ್ತು ವರ್ಷದಲ್ಲಿ ನಂಗ್ಯಾರೂ ಇಷ್ಟು ನೀಟಾಗಿ ಹೇಳಿಕೊಟ್ಟಿರಲಿಲ್ಲ."

ಪರಿಹಾರವೂ ಉಂಟಂತೆ. ಮೂವತ್ತೆರಡರ ಚಿಕ್ಕ ಫೈಲೊಂದನ್ನು ಜೊತೆಗಿಡಬೇಕು. ಜವಾನ ಅದನ್ನೋದಿ ಬಾಗಿಲು ತೆಗೆಯುತ್ತಾನೆ. ಬಳಿಕ ದೊಡ್ಡದು ತಾನಾಗಿ ಒಳಗೆ. ಸಂತೋಷವಾಯಿತು. ಇದು ನನಗೆ ತಿಳಿದಿರುವ ವಿದ್ಯೆ. ದೊಡ್ಡ ಅರ್ಜಿಯ ಮೇಲೆ ಇಡುವ ಚಿಕ್ಕ ಕಾಗದ; ಇದರ ಹೆಸರು ಮುಖಪತ್ರ.

ಜೂನ್ ೧೪, ಶನಿವಾರ.

ಚಿಕ್ಕ ಫೈಲು ದೊರೆಯಿತು. ಪುಟ್ಟಿ ಅದನ್ನು ಯಾವುದೋ ಫೋಲ್ಡರಿನೊಳಗೆ ಹಾಕುವ ಮಾತಾಡುತ್ತಿದ್ದಳು. ಅಷ್ಟರಲ್ಲಿ ನಾನು ಪೆನ್ ಡ್ರೈವಿನ ಎಲ್ಲ ಕಡತಗಳ ಹೊರಗೆ, ಎಲ್ಲಕ್ಕಿಂತ ಮೇಲೆ, ಕಣ್ಣಿಗೆ ಮೊದಲು ಬೀಳುವಂತೆ ಇಟ್ಟಾಗಿತ್ತು. ಮುಖಪತ್ರದ ಸ್ಥಾನ ಎಲ್ಲಿ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ಹಾಕಿದ್ಯಾ?"

"ಹಾಕಿದೆ."

"ಹೇಳಿದ ಜಾಗದಲ್ಲೇ?"

"ಪುಟ್ಟಿ, ನೀನು ಸ್ಕೂಲಿಗೆ ಹೋಗ್ತಿದ್ದ ಕಾಲದಿಂದ ಕಾಗದ ಜೋಡಿಸ್ತಾ ಇದ್ದೀನಿ."

ಪರದೆ ಕಪ್ಪು. ಮತ್ತೆ ಹಳೆಯದೇ. ಐದು ಬಾರಿ. ಅವಳು ಇನ್ನೊಮ್ಮೆ, ಇನ್ನೊಮ್ಮೆ ಎನ್ನುತ್ತಲೇ ಇದ್ದಳು. ನನ್ನ ಬಾಯಿಂದ ಬಂದದ್ದು — "ಕಣ್ಣಿನ ಜೊತೆ ನಿನ್ನ ಜ್ಞಾಪಕಕ್ಕೂ ಪೊರೆ ಬಂದಿದೆ."

ಅವಳು ಕನ್ನಡಕ ಸರಿಪಡಿಸಿಕೊಂಡಳು.

"ಮಷೀನ್ ತಗೊಂಡು ಹೋಗಣ್ಣ" ಎಂದಳು.

ಜೂನ್ ೨೦, ಶುಕ್ರವಾರ.

ಆರು ದಿನ ಏನೂ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ಯಂತ್ರ ಮಂಚದ ಕೆಳಗಿದೆ.

ಇಂದು ವರಾಂಡಕ್ಕೆ ಒಬ್ಬ ದರ್ಜಿ ಹೆಂಗಸು ಬಂದಳು. ಹೋದ ವಾರ ನಾನೇ ಬರೆದುಕೊಟ್ಟ ಅರ್ಜಿ — ಮನೆಯ ನಂಬರು ತಿದ್ದಿಕೊಡುವ ಬಗ್ಗೆ. ಯಾರೂ ನೋಡಿಯೇ ಇಲ್ಲವೆಂದು ಗೋಳು. ಬೇಗ ಕಣ್ಣಿಗೆ ಬೀಳಲೆಂದು ಅರ್ಜಿ ಪೆಟ್ಟಿಗೆಯ ಮೇಲೆ ಇಟ್ಟು, ಗಾಳಿಗೆ ಹಾರದಂತೆ ಕಲ್ಲನ್ನೂ ಹೇರಿ ಹೋಗಿದ್ದಳಂತೆ. ಕಚೇರಿಯ ಜವಾನ ಅವಳಿಗೆ ಹೇಳಿದ್ದು ಕಿವಿಯಲ್ಲಿದೆ:

"ಅಮ್ಮ, ನಾನು ಬೆಳಿಗ್ಗೆ ಬೀಗ ತೆಗೆದು ಪೆಟ್ಟಿಗೆ ಒಳಗಿರೋದನ್ನ ಮಾತ್ರ ತಗೊಂಡು ಹೋಗ್ತೀನಿ. ಮೇಲೆ ಬಂಗಾರ ಇಟ್ರೂ ಕಣ್ಣೆತ್ತಿ ನೋಡಲ್ಲ."

ನನ್ನ ಪೆನ್ನು ಅರ್ಧ ಅಕ್ಷರದಲ್ಲಿ ನಿಂತಿತು.

ಪುಟ್ಟಿ ಹೇಳುತ್ತಿದ್ದ ಫೋಲ್ಡರು. ಅದೇ ಪೆಟ್ಟಿಗೆ. ನಾನು ಕಲ್ಲು ಹೇರಿ ಮೇಲಿಟ್ಟು ಬಂದವನು.

ಜೂನ್ ೨೧, ಶನಿವಾರ.

ಬೆಳಿಗ್ಗೆ ಎದ್ದವನೇ ಸ್ವಂತದ್ದೊಂದು ಅರ್ಜಿ ಬರೆದೆ. ಜೀವನದಲ್ಲಿ ಮೊದಲನೆಯದು. ವಿಷಯ: ಕ್ಷಮೆ ಕೋರಿ. ಯಂತ್ರದ ಸಮೇತ ಹೋಗಿ, ಅರ್ಜಿಯನ್ನು ಪುಟ್ಟಿಯ ಕೈಗೆ ಕೊಟ್ಟು ಸುಮ್ಮನೆ ನಿಲ್ಲುವ ಯೋಜನೆ ನನ್ನದು.

"ಓದೋ ಕನ್ನಡಕ ಇನ್ನೂ ಕೊಟ್ಟಿಲ್ಲ ಅಣ್ಣ. ನೀನೇ ಓದು."

ಓದಬೇಕಾಯಿತು. ನಿಂತುಕೊಂಡು. ಗಟ್ಟಿಯಾಗಿ. 'ಮೇಲ್ಕಂಡ ಯಂತ್ರದ ಸಂಬಂಧ ತಮ್ಮ ಜ್ಞಾಪಕಶಕ್ತಿಯ ಕುರಿತು ಆಡಿದ ಮಾತುಗಳು ಆಧಾರರಹಿತವೆಂದೂ, ತಪ್ಪು ಸಂಪೂರ್ಣವಾಗಿ ಅರ್ಜಿದಾರನದೇ ಎಂದೂ...' ಎಂಬಲ್ಲಿಗೆ ಬರುವಷ್ಟರಲ್ಲಿ ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಗುತ್ತಿದ್ದಳೋ, ಅಳುತ್ತಿದ್ದಳೋ. ಡಾಕ್ಟರು ಎರಡನ್ನೂ ಬೇಡವೆಂದಿರಬೇಕು.

"'ತಮ್ಮ' ತೆಗೆದು 'ಪುಟ್ಟಿ' ಅಂತ ಹಾಕು. ಮಂಜೂರಾಗಿದೆ. ಈಗ ಆ ಫೈಲನ್ನ ಒಳಗೆ ಹಾಕು ಮಾರಾಯ."

ಫೋಲ್ಡರಿನೊಳಗೊಂದು ಫೋಲ್ಡರು, ಅದರೊಳಗೆ ಹಾಕಿದೆ. ಪೆನ್ ಡ್ರೈವ್ ಚುಚ್ಚಿದೆ. ಕಪ್ಪು... ಕಪ್ಪು... ಬಿಳಿ ಅಕ್ಷರಗಳ ಸಾಲೊಂದು, ಸಾಲಿನ ಮೇಲೆ ಸಾಲು. ಜವಾನ ಬಾಗಿಲು ತೆಗೆದ!

ಸ್ಥಾಪನೆ ಮುಗಿದು ಪೆನ್ ಡ್ರೈವ್ ಕಿತ್ತಾಗ ಮತ್ತೆ ಕಪ್ಪು. ಈ ಬಾರಿ ಅವಳಿಗಿಂತ ಮೊದಲು ನಾನೇ ಹೇಳಿದೆ — ಯಂತ್ರದೊಳಗಿನ ಪೆಟ್ಟಿಗೆಗೂ ಚಿಕ್ಕ ಚೀಟಿ ಬೇಕು. ಪುನಃ ಪೆನ್ ಡ್ರೈವ್, ಅವಳು ಬಾಯಲ್ಲಿ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿದೆ. ಹೇಳಿದ್ದಕ್ಕಿಂತ ಒಂದು ಚುಕ್ಕಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಎದ್ದಿತು.

ಧ್ವನಿ ಮಾತ್ರ ಬರುವುದಿಲ್ಲ. "ಇರಲಿ ಬಿಡು" ಎಂದಳು. "ಅರ್ಜಿ ಬರೆಯೋ ಮಷೀನ್‌ಗೆ ಬಾಯಿ ಯಾಕೆ? ಮಾತಿಗೆ ನೀನಿದ್ದೀಯಲ್ಲ."

ಜೂನ್ ೩೦, ಸೋಮವಾರ. ಮಧ್ಯಾಹ್ನ.

ಹೆಡ್ ಗುಮಾಸ್ತರು ಬಂದರು. ಆನ್ ಮಾಡಿದೆ. ನಲವತ್ತು ಎಣಿಸುವಷ್ಟರಲ್ಲಿ ಎದ್ದಿತು. ನಾನು ಎಣಿಸಿದ್ದು ಮನಸ್ಸಿನಲ್ಲೇ, ಉಸಿರು ಬಿಗಿಹಿಡಿದು. ಎರಡು ಬೆರಳಿನಲ್ಲಿ ಟೈಪಿಸತೊಡಗಿದೆ.

"ಸಾಕು ಬಿಡಿ ಯಜಮಾನ್ರೇ, ಒಂದು ವಾಕ್ಯ ಸಾಕು."

"ವಾಕ್ಯ ಇನ್ನೂ ಮುಗಿದಿಲ್ಲ ಸ್ವಾಮಿ."

"ನಿಮ್ಮ ವಾಕ್ಯ ಮುಗಿಯೋ ಹೊತ್ತಿಗೆ ನನ್ನ ಊಟದ ಹೊತ್ತು ಮುಗಿಯುತ್ತೆ." ಸಹಿ ಹಾಕಿ ನಡೆದರು.

ಮೇಜು ಉಳಿಯಿತು. ಎದೆಯ ಮೇಲಿನ ಬೀಸುವ ಕಲ್ಲನ್ನು ಯಾರೋ ಎತ್ತಿ ಬದಿಗಿಟ್ಟಂತೆ. ಪುಟ್ಟಿಗೆ ಫೋನ್ ಮಾಡಿ 'ಮಂಜೂರಾಗಿದೆ' ಎಂದೆ.

ಜೆರಾಕ್ಸಿನವನು ರಸ್ತೆಯಾಚೆಯಿಂದ ಕೂಗಿದ: "ಪ್ರಿಂಟ್ ನನ್ ಹತ್ರಾನೇ ತೆಗೆಸ್ಬೇಕಲ್ವಾ ಯಜಮಾನ್ರೇ?"

"ಹೂಂ ಕಣಪ್ಪ. ಆ ಗೇಣು ಹಾಕೋ ಕೈ ಮಾತ್ರ ಜೇಬಲ್ಲಿಡು."

ಜುಲೈ ೧, ಮಂಗಳವಾರ. ಬೆಳಿಗ್ಗೆ ೯:೪೦. ವರಾಂಡ.

ಇಂದು ಒಂದೇ ಪೆನ್ನಿಗೆ ಶಾಯಿ ತುಂಬಿಸಿದೆ. ಅದು ಈ ಪುಸ್ತಕಕ್ಕೆ. ಯಂತ್ರ ಮೇಜಿನ ಮೇಲೆ ತೆರೆದು ಕುಳಿತಿದೆ. ಕೈಬರಹದ ಅರ್ಜಿ ಇಂದಿನಿಂದ ನಡೆಯದೆಂದು ಹೊಸದು ಬರೆಸಲು ದರ್ಜಿ ಹೆಂಗಸು ಮತ್ತೆ ಬಂದಿದ್ದಾಳೆ, ಚೀಲವನ್ನು ಎದೆಗೊತ್ತಿಕೊಂಡು. ಯಂತ್ರವನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಾಳೆ.

"ತಾತ, ಇದಕ್ಕೆ ನನ್ನ ಕಷ್ಟ ಅರ್ಥ ಆಗುತ್ತಾ?"

"ಅದಕ್ಕೆ ಕಿವಿ ಇಲ್ಲಮ್ಮ, ಬಾಯೂ ಇಲ್ಲ. ಕೇಳಿಸಿಕೊಳ್ಳೋಕೆ ನಾನಿದ್ದೀನಿ. ಕೂತ್ಕೋ."

ಕುಳಿತಳು. ಈ ಬಾರಿ ಪೆಟ್ಟಿಗೆಯ ಒಳಗೇ ಹಾಕಲು ಮೊದಲೇ ಹೇಳಬೇಕು. ಚೀಲ ಬಿಚ್ಚುತ್ತಿದ್ದಾಳೆ, ಹಳೆಯ ಅರ್ಜಿ ತೆಗೆದಳು. ಪೆನ್ನು ಮುಚ್ಚಬೇಕು.