ಕಂಚಿನ ಎದೆಯ ಮೇಲಿನ ದಾರ

ಬೀರೂರು, ೧೯೧೨

ಪದಕ ಸಮಿತಿಯ ಅಧ್ಯಕ್ಷರಿಗೆ ಶರಣು.

ಸಂಸ್ಕೃತ, ಪಾರ್ಸಿ ಎರಡರಲ್ಲೂ ಪಂಡಿತರಾಗಿದ್ದ ನಮ್ಮ ಯಜಮಾನರ ನೆನಪಿಗೆ ನೀವು ಮಾಡಿಸಿದ ಕಂಚಿನ ಪದಕ ತಲುಪಿತು. ಕಣ್ಣು ಕಾಣದ ನಮ್ಮ ಅತ್ತೆ ಅದರ ಮೇಲಿನ ಮಗನ ಚಿತ್ರವನ್ನು ಬೆರಳಿನಿಂದ ತಡವಿ, "ನಾನ್ ಕಟ್ಸಿದ್ ಲಿಂಗದ ಕರಡಿಗೆ ಎಲ್ ಹೋಯ್ತೇ? ಇದ್ಯಾವ್ದೇ ದಾರ?" ಅಂದರು.

ಸಂಸ್ಕೃತ ಬಲ್ಲವರಿಗೆಲ್ಲ ಜನಿವಾರ ಇರಲೇಬೇಕೆಂದು ನಿಮಗೆ ಹೇಳಿದವರು ಯಾರು? ಅದು ಇಲ್ಲವೆಂದೇ ಅಲ್ಲವೇ, ನಿಮ್ಮ ಪಾಠಶಾಲೆಯಲ್ಲಿ ಅವರು ಕಿಟಕಿಯ ಹೊರಗೆ ನಿಂತು ವ್ಯಾಕರಣ ಕಲಿಯಬೇಕಾಯಿತು? ಬದುಕಿದ್ದಾಗ ಒಳಗೆ ಬಿಡದವರು, ಸತ್ತ ಮೇಲೆ ಜಾತಿ ತಿದ್ದಿ ಸೇರಿಸಿಕೊಂಡಿರಾ?

ಪದಕವನ್ನು ರೈಲು ಪಾರ್ಸಲಿನಲ್ಲಿ ವಾಪಸು ಕಳಿಸಿದ್ದೇನೆ. ಅದನ್ನು ಕರಗಿಸಿ ಗಂಟೆ ಮಾಡಿಸಿ, ಆ ಕಿಟಕಿಗೇ ಕಟ್ಟಿಸಿ.

ಅವರು ಕಲಿಸಿದ ಅಕ್ಷರದಲ್ಲೇ ಬರೆದವಳು,
ಕಲ್ಲಮ್ಮ