ಅವಳನ್ನೂ ಬೇಟಿ ಎಂದಿರಿ

ಮರಳಿ ಗ್ರಾಮದ ಅಬೇದಾಬಿ ಅಮ್ಮನಿಗೆ,

ಕುಷ್ಟಗಿಯಿಂದ ನಿಮ್ಮ ಶೋಭಾರಾಣಿಯ ನಮಸ್ಕಾರಗಳು. ‘ನಿಮ್ಮ’ ಎಂದು ಬರೆದ ಮೇಲೆ ಹೊಡೆದುಹಾಕಬೇಕು ಅನ್ನಿಸಿತು. ಇರಲಿ ಬಿಡಿ.

ಇದನ್ನು ನಿಮ್ಮ ಸೊಸೆ ಅಫ್ಸಾನಾ ಓದಿ ಹೇಳುತ್ತಾಳೆಂದು ಗೊತ್ತು. ಅಫ್ಸಾನಾ, ಅತ್ತೆಗೆ ಬೇಜಾರಾದೀತು ಎಂದು ಎಲ್ಲಿಯೂ ಒಂದು ಸಾಲು ನುಂಗಬೇಡವಮ್ಮ. ಸ್ವಲ್ಪ ಬೇಜಾರಾಗಲಿ ಎಂದೇ ಬರೆಯುತ್ತಿದ್ದೇನೆ.

ನಮ್ಮ ಕೇಬಲ್ ಚಾನೆಲ್ಲಿನಲ್ಲಿ ಕೈತೋಟದ ಕಾರ್ಯಕ್ರಮ ‘ಹಿತ್ತಲ ಹಸಿರು’ ಶುರುವಾದಾಗ ಇಷ್ಟು ವರ್ಷ ನಡೆಯುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. ನಾಲ್ಕು ಕುಂಡ, ಒಂದು ಕ್ಯಾಮೆರಾ, ನಾನು. ಗುರುವಾರ ಸಂಜೆ ಫೋನಿಗಾಗಿ ಕಾದು ನಿಂತರೆ ಮೊದಲು ಬರುತ್ತಿದ್ದುದು ನಿಮ್ಮ ದನಿ. “ಶೋಭಾ ಬೇಟಿ, ಊಟ ಆತೇನವ್ವಾ?” ಜಿಲ್ಲೆಯೆಲ್ಲ ಕೇಳುತ್ತಿದೆ ಎಂಬ ಪರಿವೆ ನಿಮಗಿರಲಿಲ್ಲ. ಊಟದ ವಿಚಾರ ಮುಗಿದ ಮೇಲೆ ಲಿಂಬೆ ಗಿಡ. “ಹೂವು ಬರ್ತಾವ, ಉದುರಿ ಹೋಗ್ತಾವ. ಏನು ಮಾಡ್ಲಿ?” ಚಾನೆಲ್ಲಿನ ಮಾಲೀಕ ಪ್ರವೀಣಕುಮಾರ ಕ್ಯಾಮೆರಾದ ಹಿಂದೆ ನಿಂತು, ಸಾಕು, ಫೋನು ಇಡಿ ಎಂದು ಕೈಸನ್ನೆ ಮಾಡುತ್ತಿದ್ದರು. ನಾನು ಕಂಡೂ ಕಾಣದವಳಂತೆ ಇರುತ್ತಿದ್ದೆ. ನನ್ನ ತಾಯಿ ತೀರಿಕೊಂಡ ಮೇಲೆ ನನ್ನ ಊಟದ ಸುದ್ದಿ ಕೇಳುವವರು ನೀವೊಬ್ಬರೇ ಆಗಿದ್ದಿರಿ. ನಿಮ್ಮ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ನನ್ನ ಗಂಟಲಿನಲ್ಲಿ ಗಂಟಾಗಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆದದ್ದು ನಿಮಗೆ ಗೊತ್ತು. ನಾನು ಸುಧಾರಿಸಿಕೊಳ್ಳುವವರೆಗೆ ಎಂದು ಗಂಗಾವತಿಯ ರೂಪಾಳನ್ನು ನನ್ನ ಜಾಗದಲ್ಲಿ ನಿಲ್ಲಿಸಿದರು. ಮೊದಲ ಗುರುವಾರ ಹಾಸಿಗೆಯಲ್ಲಿ ಮಲಗಿಕೊಂಡೇ ನೋಡಿದೆ. ಜನ ಅವಳನ್ನು ಸುಮ್ಮನೆ ಬಿಡಲಿಲ್ಲ. “ಯಾರವ್ವಾ ನೀ? ನಮ್ಮ ಶೋಭಕ್ಕ ಎಲ್ಲಿ ಹೋಗ್ಯಾಳ?” ಎಂದರು. ಮುನಿರಾಬಾದಿನ ಒಬ್ಬಾಕೆ, “ಉಗುರಿಗೆ ಬಣ್ಣ ಹಚ್ಕೊಂಡು ಮಣ್ಣು ಮುಟ್ಟತಾಳ, ಈಕಿ ಏನು ಗಿಡ ಬೆಳಸ್ತಾಳ್ರಿ!” ಎಂದಳು. ಆ ಮಾತನ್ನು ಆಮೇಲೆ ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿ ಕೇಳಿದೆ. ಔಷಧಿಗಿಂತ ಛಲೋ ಕೆಲಸ ಮಾಡಿತು. ಯಲಬುರ್ಗಾದ ಬಾಲಪ್ಪ ಮಾಸ್ತರರಂತೂ, “ಶೋಭಾರಾಣಿ ಬರೂತನಕ ನಾ ಟಿವಿ ಹಚ್ಚಂಗಿಲ್ಲ” ಎಂದು ಶಪಥ ಮಾಡಿದರು. ಮುಂದಿನ ವಾರವೂ ಕಾರ್ಯಕ್ರಮ ನೋಡಿಯೇ ಫೋನ್ ಮಾಡಿ ಅದೇ ಶಪಥ ಮಾಡಿದರು. ರೂಪಾ ಕಣ್ಣೀರು ತಡೆದುಕೊಂಡು ನಗುತ್ತಿದ್ದಳು. ನನಗೆ ಅಯ್ಯೋ ಅನ್ನಿಸಲಿಲ್ಲ. ನೀವು ಫೋನ್ ಮಾಡದೆ ಸುಮ್ಮನಿದ್ದಿರಲ್ಲ, ಅದೇ ನನಗೆ ದೊಡ್ಡ ಸಮಾಧಾನ.

ಆದರೆ ಒಂದು ಗುರುವಾರ ನಿಮ್ಮ ದನಿ ಕೇಳಿಸಿತು. ಮೈಯೆಲ್ಲ ಕಿವಿಯಾಗಿ ಎದ್ದು ಕೂತೆ. ನನ್ನನ್ನು ಕೇಳುತ್ತೀರೆಂದುಕೊಂಡೆ. ನೀವು ಲಿಂಬೆ ಗಿಡದ ವಿಚಾರ ಕೇಳಿದಿರಿ! ನಾನು ಇಷ್ಟು ವರ್ಷ ಉಪಚಾರ ಮಾಡಿಸಿದ ಗಿಡವನ್ನು ಅವಳ ಕೈಗೆ ಕೊಟ್ಟಿರಿ. ಅವಳು ಗೊಬ್ಬರ ಎನ್ನಲಿಲ್ಲ, ಔಷಧಿ ಎನ್ನಲಿಲ್ಲ. “ಅಮ್ಮಾ, ನಿಮ್ಮ ಮನಿ ಕಾಲುವಿ ಬಾಜೂಕ ಐತೇನ್ರಿ? ಗಿಡಕ್ಕ ಬಚ್ಚಲ ನೀರು ಬಿಟ್ಟೀರೇನು?” ಎಂದು ಕೇಳಿದಳು. ಬಚ್ಚಲ ನೀರು ಬಿಡಿ ಎಂದವಳು ನಾನೇ. ನಾನು ಕುಷ್ಟಗಿಯವಳು. ಮುಖ ತೊಳೆದ ನೀರನ್ನೂ ಚೆಲ್ಲದೆ ಗಿಡಕ್ಕೆ ಹಾಕಿ ಬೆಳೆದವಳು. ಗಿಡಕ್ಕೆ ನೀರು ಹೆಚ್ಚಾಗಿಯೂ ಕಷ್ಟವಾಗುತ್ತದೆಂದು ನಮ್ಮ ಕಡೆ ಯಾರ ತಲೆಗೂ ಹೊಳೆಯುವುದಿಲ್ಲ. ಅವಳು ಭತ್ತದ ಗದ್ದೆಯ ಕೆಸರಿನಲ್ಲಿ ಆಡಿ ಬೆಳೆದವಳು, ಅವಳಿಗೆ ಹೊಳೆಯಿತು. ಅದರಲ್ಲೇನು ಮಹಾ ವಿದ್ಯೆ?

ಮಳೆಗಾಲಕ್ಕೆ ಮುಂಚೆ ಮತ್ತೆ ಫೋನ್ ಮಾಡಿದಿರಿ. “ರೂಪಾ ಬೇಟಿ, ನೀ ಹೇಳಿದಂಗ ಬಚ್ಚಲ ನೀರು ಆಕಡಿ ತಿರುವಿದ್ನಿ. ಗಿಡದ ತುಂಬ ಕಾಯಿ ಹಿಡದಾವವ್ವ.”

ರೂಪಾ ಬೇಟಿ. ಅಮ್ಮಾ, ಗಿಡ ಕಾಯಿ ಬಿಟ್ಟದ್ದಕ್ಕೆ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಅವಳನ್ನೂ ಬೇಟಿ ಎಂದಿರಿ. ಆ ಮಾತನ್ನು ನೀವು ನನಗಾಗಿಯೇ ಇಟ್ಟುಕೊಂಡಿದ್ದೀರೆಂದು ನಂಬಿದ್ದೆ. ನಿಮ್ಮ ಬಾಯಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಬೇಟಿಯರೇ ಎಂದು ಈಗ ಅರ್ಥವಾಗಿದೆ. ಅರ್ಥವಾದ ಮಾತ್ರಕ್ಕೆ ಉರಿ ಕಡಿಮೆಯಾಗುತ್ತದೆಯೇ? ಟಿವಿ ಆರಿಸಿ ಹಿತ್ತಲಿಗೆ ಹೋದೆ. ಚೆನ್ನಾಗಿದ್ದ ದಾಸವಾಳದ ರೆಂಬೆಗಳನ್ನು ಸುಮ್ಮಸುಮ್ಮನೆ ಕತ್ತರಿಸಿ ಹಾಕಿದೆ.

ಡಾಕ್ಟರು ಮೆಲ್ಲಗೆ ಮಾತಾಡಬಹುದೆಂದ ದಿನವೇ ನಾನು ಪ್ರವೀಣಕುಮಾರರ ಆಫೀಸಿಗೆ ಹೋಗಿ, ನನ್ನ ಜಾಗ ನನಗೆ ಕೊಡಿ ಎಂದೆ. ಅವರು ಇಕ್ಕಟ್ಟಿಗೆ ಸಿಕ್ಕಿ, ಜನರನ್ನೇ ಕೇಳೋಣ, ಅವರು ಯಾರು ಬೇಕೆಂದರೆ ಅವರೇ ಎಂದರು. ನಾನು ಖುಷಿಯಿಂದ ಒಪ್ಪಿಕೊಂಡೆ. ನೀವಿದ್ದೀರಲ್ಲ! ಆ ಗುರುವಾರ ಹೊಸ ಇಳಕಲ್ ಸೀರೆ ಉಟ್ಟು ಟಿವಿ ಮುಂದೆ ಕೂತೆ. ಮೊದಲ ಫೋನು ಎಂದಿನಂತೆ ಮರಳಿಯಿಂದಲೇ ಬಂತು.

“ಶೋಭಾ ಬ್ಯಾಡ್ರಿ. ರೂಪಾನ ಇರ್ಲಿ.”

ಮುಂದಿನ ಮಾತು ಕೇಳಿಸಿಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಆದರೂ ಕೇಳಿಸಿತು. “ನನಗ ಕಣ್ಣು ಸರಿಯಾಗಿ ಕಾಣಂಗಿಲ್ರಿ, ಟಿವಿದಾಗ ದನಿ ಅಷ್ಟ ಕೇಳ್ತೀನಿ. ದವಾಖಾನಿಗೆ ಹೋಗೂಕಿಂತ ಮೊದಲ ಆಕಿ ಒಂದೊಂದು ಮಾತಿಗೂ ಉಗುಳು ನುಂಗಿ ನುಂಗಿ ಮಾತಾಡ್ತಿದ್ಲು. ನನ್ನ ಜೀವ ಹಿಂಡಿದಂಗ ಆಗ್ತಿತ್ತು. ನಿಮ್ಮ ಮನಿ ಮಗಳಾಗಿದ್ರ, ಸುಮ್ಮನ ಕುಂದರವ್ವಾ ಅಂತಿದ್ದಿಲ್ಲೇನು?”

ನಿಮ್ಮ ಮಾತಿನ ಮೇಲೆ ಮಾತಾಡುವವರು ಯಾರಿದ್ದರು? ಬಾಲಪ್ಪ ಮಾಸ್ತರರೂ ಶಪಥ ಮರೆತು, “ಅಬೇದಾಬಿ ಅಮ್ಮ ಹೇಳೂದು ಖರೇ ಐತಿ, ಅಕ್ಕಾರು ಆರಾಮ ತಗೊಳ್ಳಿ” ಎಂದರು. ಎಲ್ಲರೂ ನನಗೆ ಒಳ್ಳೆಯದಾಗಲಿ ಎಂದು ಹರಸಿದರು. ಹರಸಿ ಹರಸಿಯೇ ನನ್ನ ಕೆಲಸ ಕಿತ್ತುಕೊಂಡರು.

ಅಮ್ಮಾ, ಗಂಡ ಮಕ್ಕಳಿರುವ ನನ್ನ ಮನೆಯಲ್ಲಿ ಯಾರೂ ಗಮನಿಸದ ನೋವನ್ನು ನೀವು ಮರಳಿಯಲ್ಲಿ ಕೂತು ಕೇಳಿಸಿಕೊಂಡಿರಿ. ಅದಕ್ಕೆ ನಿಮ್ಮ ಕಾಲಿಗೆ ಬೀಳಬೇಕು. ಆದರೂ ಹೇಳುತ್ತೇನೆ, ಆ ಹೊತ್ತಿಗೆ ನನಗೆ ನಿಮ್ಮ ಕರುಣೆ ಬೇಕಿರಲಿಲ್ಲ. ನಿಮ್ಮ ಹಟ ಬೇಕಿತ್ತು. ಗಂಟಲು ಹರಿದುಹೋದರೂ ಶೋಭಾಳೇ ಬೇಕು ಎನ್ನುವ ಒಬ್ಬ ಸ್ವಾರ್ಥಿ ಬೇಕಿತ್ತು.

ರೂಪಾ ಒಳ್ಳೆಯ ಹುಡುಗಿ. ಇದನ್ನು ಬರೆಯಲು ಕೈ ಮುಂದೆ ಹೋಗುತ್ತಿರಲಿಲ್ಲ, ಆದರೂ ಬರೆದೆ. ಕಾರ್ಯಕ್ರಮ ಅವಳದೇ ಆಗಲಿ, ಕುಂಡಗಳೂ ಅವಳವೇ. ಜಿಲ್ಲೆಯ ಮಂದಿಯೆಲ್ಲ ಅವಳಿಗೇ ಫೋನ್ ಮಾಡಲಿ.

ನೀವು ಮಾತ್ರ ಮಾಡಬೇಡಿ. ಗುರುವಾರ ಅವಳ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ನನಗೆ ಫೋನ್ ಮಾಡಿ. ನನ್ನ ನಂಬರನ್ನು ಅಫ್ಸಾನಾಳಿಗೆ ಕಾಣುವಂತೆ ಲಕೋಟೆಯ ಹಿಂದೆ ಬರೆದಿದ್ದೇನೆ. ದಿನಕ್ಕೆ ಸ್ವಲ್ಪವೇ ಮಾತಾಡಬೇಕೆಂದು ಡಾಕ್ಟರು ಹೇಳಿದ್ದಾರೆ. ಅವತ್ತು ಬೆಳಗಿನಿಂದ ನಾನು ಮನೆಯಲ್ಲಿ ಯಾರ ಜೊತೆಗೂ ಬಾಯಿ ಬಿಡದೆ, ಮಾತನ್ನೆಲ್ಲ ನಿಮಗಾಗಿ ಉಳಿಸಿ ಇಟ್ಟುಕೊಂಡಿರುತ್ತೇನೆ.

ನಿಮ್ಮ ಕಣ್ಣಿಗೆ ದೇವರು ಬೆಳಕು ಕೊಡಲಿ, ಮನೆ ತಣ್ಣಗಿರಲಿ.

ಇನ್ನೂ ಹೊಟ್ಟೆ ಉರಿಯುತ್ತಲೇ ಇರುವ,
ನಿಮ್ಮ ಶೋಭಾ